ಹಾಜರಾತಿ ಬೇಡ ಅನ್ನುವ ಲಾ ಕಾಲೇಜಿಗೆ ಸೇರಬೇಡಿ

ಡಿಗ್ರಿ ರಿಸಲ್ಟ್ ಬಂತೆಂದರೆ ಮೂರು ವರ್ಷದ ಎಲ್‌ಎಲ್‌ಬಿ ಬಗ್ಗೆ ಪತ್ರಗಳು ಶುರು. ಪ್ರತಿ ವರ್ಷವೂ ಅವೇ ಪ್ರಶ್ನೆಗಳು. ಅರ್ಜಿ ಎಲ್ಲಿ ಸಿಗುತ್ತದೆ, ಯಾವ ದಾಖಲೆ ಬೇಕು ಅನ್ನೋದನ್ನು ದಯವಿಟ್ಟು ಕಾಲೇಜಿನ ಆಫೀಸಿನಲ್ಲಿ ಕೇಳಿ.

ಪ್ರಶ್ನೆ: ನನಗೆ 47 ವರ್ಷ. ಈಗ ಎಲ್‌ಎಲ್‌ಬಿಗೆ ಸೇರಬಹುದಾ?

ಸೇರಬಹುದು. ಮುಂದಿನ ಪ್ರಶ್ನೆ.

ಪ್ರಶ್ನೆ: ಬಿ.ಕಾಂ ಓದಿದ್ದೇನೆ, ವಯಸ್ಸು 33, ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ವಕೀಲಿಕೆಗೆ ಇಳಿಯುವ ಆಸೆ. ಮನೆ ಹತ್ತಿರ ಸಾಧಾರಣ ಕಾಲೇಜೊಂದಿದೆ, ಬೆಳಿಗ್ಗೆ ತರಗತಿ. ದೂರದಲ್ಲಿ ದೊಡ್ಡ ಹೆಸರಿನ ಕಾಲೇಜಿದೆ, ಫೀಸು ಜಾಸ್ತಿ. ಬೇರೆ ಜಿಲ್ಲೆಯ ಕಾಲೇಜೊಂದರವರು ‘ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅಂತಾರೆ. ಯಾವುದು ಒಳ್ಳೆಯದು?

ಮೂರನೆಯದನ್ನು ಈಗಲೇ ಬಿಟ್ಟುಬಿಡಿ. ವಕೀಲಿಕೆಯನ್ನೂ ಕಾನೂನು ಶಿಕ್ಷಣವನ್ನೂ ನಿಯಂತ್ರಿಸುವ ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ ಶೇ 70 ಹಾಜರಾತಿ ಇರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಕೌನ್ಸಿಲ್ ಬಯೋಮೆಟ್ರಿಕ್ ಹಾಜರಾತಿ, ತರಗತಿಯಲ್ಲಿ ಸಿಸಿಟಿವಿ ಎಂದು ಸುತ್ತೋಲೆ ಕಳಿಸಿತು. ಕೆಲಸದಲ್ಲಿರುವವರು ಕಂಪನಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು ಅಂತಲೂ ಅದರಲ್ಲಿದೆ. ನಿಮಗೂ ಅದು ಅನ್ವಯ. ‘ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ’ ಅನ್ನುವ ಏಜೆಂಟ್, ನಾಳೆ ತಕರಾರು ಎದ್ದರೆ ಫೋನ್ ಎತ್ತುವುದಿಲ್ಲ. ಇಷ್ಟಕ್ಕೂ, ಸುಳ್ಳು ಹಾಜರಾತಿ ಬರೆಸಿಕೊಂಡು ವಕೀಲರಾಗಿ ಕೋರ್ಟಿನಲ್ಲಿ ಬೇರೆಯವರ ಸುಳ್ಳು ದಾಖಲೆ ಬಗ್ಗೆ ಹೇಗೆ ವಾದ ಮಾಡುತ್ತೀರಿ?

ಇನ್ನು ಹೆಸರಿನ ವಿಚಾರ. ರಾಜ್ಯದ ಬಹುತೇಕ ಲಾ ಕಾಲೇಜುಗಳು 2009ರಲ್ಲಿ ಶುರುವಾದ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಸಿಲಬಸ್ ಒಂದೇ, ಪದವಿ ಕೊಡುವುದೂ ಅದೇ ವಿಶ್ವವಿದ್ಯಾಲಯ. ನೀವು ಹೇಳುವ ದೊಡ್ಡ ಕಾಲೇಜೂ ಅದರ ಅಡಿಯಲ್ಲೇ ಇದ್ದರೆ, ಆ ಜಾಸ್ತಿ ಫೀಸು ಯಾತಕ್ಕೆ ಅಂತ ಮೊದಲು ಕೇಳಿ. ಕಟ್ಟಡಕ್ಕೆ ಅಂತಾದರೆ ಬೇಡ. ಖಾಸಗಿ ವಿಶ್ವವಿದ್ಯಾಲಯದ್ದಾದರೆ ಸಿಲಬಸ್, ಪರೀಕ್ಷೆ ಎಲ್ಲ ಅವರದೇ. ಅದನ್ನು ಬೇರೆಯಾಗಿ ತೂಗಿ ನೋಡಬೇಕು.

ನನ್ನ ಓಟು ಮನೆ ಹತ್ತಿರದ ಕಾಲೇಜಿಗೆ. ಆದರೆ ಸುಮ್ನೆ ಸೇರಬೇಡಿ. ಒಂದು ಮಾಮೂಲಿ ಮಂಗಳವಾರ ಬೆಳಿಗ್ಗೆ, ಹೇಳದೆ ಕೇಳದೆ ಹೋಗಿ. ಎರಡನೇ ವರ್ಷದ ಕ್ಲಾಸಿನಲ್ಲಿ ಎಷ್ಟು ಜನ ಕೂತಿದ್ದಾರೆ ನೋಡಿ. ಲೈಬ್ರರಿಗೆ ಹೋಗಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿಆರ್‌ಪಿಸಿ (ಅಪರಾಧ ಪ್ರಕ್ರಿಯೆ ಸಂಹಿತೆ), ಸಾಕ್ಷ್ಯ ಕಾಯ್ದೆಗಳೂ ಬದಲಾಗಿವೆ. ಹೊಸ ಕಾಯ್ದೆಗಳ ವ್ಯಾಖ್ಯಾನದ ಪುಸ್ತಕಗಳು ಕಪಾಟಿನಲ್ಲಿ ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸಿವಿಲ್ ಪ್ರೊಸೀಜರ್ ಯಾರು ಹೇಳಿಕೊಡುತ್ತಾರೆ, ಅವರು ಎಂದಾದರೂ ಒಂದು ದಾವೆ ನಡೆಸಿದ್ದಾರಾ ಅಂತ ಕ್ಯಾಂಟೀನಿನಲ್ಲಿ ಸೀನಿಯರ್ ವಿದ್ಯಾರ್ಥಿಗಳನ್ನು ಕೇಳಿ. ಪ್ರಿನ್ಸಿಪಾಲರನ್ನು ಕೇಳಿ ಪ್ರಯೋಜನವಿಲ್ಲ.

ಕಾಲೇಜಿನಿಂದ ಕೋರ್ಟು ಎಷ್ಟು ದೂರ ಅನ್ನೋದನ್ನೂ ನೋಡಿ. ಯಾರೂ ಇದನ್ನು ಕೇಳುವುದಿಲ್ಲ. ಪಾಟೀ ಸವಾಲನ್ನು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದನ್ನು, ನೋಟ್ಸ್ ಓದಿ ಕಲಿಯಲು ಆಗುವುದಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಬೆಳಗಿನ ಕ್ಲಾಸು ಮುಗಿಸಿ, ರಜೆ ಸಿಕ್ಕ ದಿನವಾದರೂ ಕೋರ್ಟಿಗೆ ನಡೆದು ಹೋಗುವಂತಿದ್ದರೆ ಅದು ದೊಡ್ಡ ಲಾಭ. ಎಲ್ಲರೂ ಬೆಂಗಳೂರಿಗೇ ಬರಬೇಕಿಲ್ಲ. ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟ್ ಪೀಠಗಳೇ ಇವೆ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲಿ ತಕರಾರು (ದಾವೆಗೆ ಲಿಖಿತ ಉತ್ತರ) ಬರೆಯಲು ಬರುವ ಹುಡುಗರಿಗೆ ನಮ್ಮಲ್ಲಿ ಕೆಲಸದ ಬರ ಇಲ್ಲ.

ಒಂದು ಎಚ್ಚರಿಕೆ. ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆದ ಮೇಲೆ ಸಂಬಳದ ನೌಕರಿಯಲ್ಲಿ ಮುಂದುವರಿಯುವಂತಿಲ್ಲ. ಜೂನಿಯರ್ ಆಗಿ ಮೊದಲ ವರ್ಷ ಸಿಗುವ ದುಡ್ಡು ನಿಮ್ಮ ಈಗಿನ ಸಂಬಳದ ಹತ್ತಿರವೂ ಬರುವುದಿಲ್ಲ. ಹಾಗಾಗಿ ದುಬಾರಿ ಕಾಲೇಜಿಗೆ ಸಾಲ ಮಾಡಬೇಡಿ. ಆ ದುಡ್ಡು ಆ ವರ್ಷಕ್ಕೆ ಇರಲಿ. ನಾನು ಸ್ವಲ್ಪ ಹೆದರುವ ಜಾತಿಯವನು ಅಂದುಕೊಂಡರೂ ಪರವಾಗಿಲ್ಲ.

ಪ್ರಶ್ನೆ: ಆನ್‌ಲೈನ್ ಎಲ್‌ಎಲ್‌ಬಿ, ಇಲ್ಲವೇ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ ಕೊಡಿಸುತ್ತೇವೆ ಅನ್ನುತ್ತಾರೆ. ನಿಜವೇ?

ಮೋಸ. ನಿಯಮದಲ್ಲಿ ಎರಡಕ್ಕೂ ಜಾಗವಿಲ್ಲ. ದುಡ್ಡು ಕೊಟ್ಟಿದ್ದರೆ ರಸೀದಿ ಹಿಡಿದು ಪೊಲೀಸ್ ಠಾಣೆಗೆ ಹೋಗಿ, ನನಗೆ ಬರೆಯಬೇಡಿ.

ಪ್ರಶ್ನೆ: ಮೂರು ವರ್ಷದ ಎಲ್‌ಎಲ್‌ಬಿಗೂ ಕ್ಲ್ಯಾಟ್ ಬರೆಯಬೇಕಾ?

ಬೇಡ. ಕ್ಲ್ಯಾಟ್ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ಪದವಿ ಹಂತದಲ್ಲಿ ಅದು ಪಿಯುಸಿ ನಂತರದ ಐದು ವರ್ಷದ ಕೋರ್ಸಿಗೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2022ರಲ್ಲಿ ಶುರು ಮಾಡಿದ ಮೂರು ವರ್ಷದ ಕೋರ್ಸಿಗೆ ಅವರದೇ ಪರೀಕ್ಷೆ ಇದೆ.

ಪ್ರಶ್ನೆ: ಪದವಿ ಮುಗಿದ ತಕ್ಷಣ ಸಿವಿಲ್ ಜಡ್ಜ್ ಆಗಬಹುದು ಅಂತ ಕೋಚಿಂಗ್ ಸೆಂಟರ್‌ನವರು ಹೇಳುತ್ತಾರೆ.

ಅವರಿಗೆ ಫೀಸು ಬೇಕು, ಹೇಳುತ್ತಾರೆ. ಮೂರು ವರ್ಷದ ವಕೀಲಿಕೆ ಇರಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರು ಪೇಪರ್ ಓದುವುದಿಲ್ಲವೇನೋ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿನ ಒಂದು ವರ್ಷದ ಲಾ ಕನ್ವರ್ಷನ್ ಡಿಪ್ಲೊಮಾ (ಬೇರೆ ವಿಷಯದಲ್ಲಿ ಪದವಿ ಪಡೆದವರಿಗಿರುವ ಕಾನೂನು ಕೋರ್ಸ್) ಮುಗಿಸಿದರೆ ಇಲ್ಲಿ ವಕೀಲಳಾಗಬಹುದಾ?

ಅದೊಂದನ್ನೇ ಹಿಡಿದುಕೊಂಡು ಬಂದರೆ ಇಲ್ಲಿ ಸನ್ನದು ಸಿಗುವುದಿಲ್ಲ. ಅಲ್ಲೇ ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವ ವಕೀಲೆ) ಆಗುವುದಾದರೆ ಆ ಕೋರ್ಸ್ ಬೇಕು. ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ, ದಾಖಲೆ ಕೆಲಸ ಮಾಡುವ ವಕೀಲೆ) ಆಗುವುದಾದರೆ 2021ರಿಂದ ಎಸ್‌ಕ್ಯುಇ ಅನ್ನುವ ಪರೀಕ್ಷೆ ಬಂದಿದೆ, ಅದಕ್ಕೆ ಈ ಡಿಪ್ಲೊಮಾ ಕಡ್ಡಾಯವೂ ಅಲ್ಲ. ಯಾವ ದೇಶದಲ್ಲಿ ಕೋಟು ಹಾಕುತ್ತಾಳೆ ಅಂತ ಮೊದಲು ಅವಳನ್ನೇ ಕೇಳಿ. ಫೀಸು ಆಮೇಲೆ ಕಟ್ಟಿ.