ಕಾರು ಬಾಡಿಗೆಗೆ ಪಡೆಯದೆ ಫ್ರಾನ್ಸಿನ ಸ್ಯಾಂ ಮಾಲೊದಲ್ಲಿ ಒಂದು ವಾರ ಇರಬಹುದೇ?

ಮೇ ತಿಂಗಳಲ್ಲಿ ಅರವತ್ತು ದಾಟಿದ ತಂದೆ-ತಾಯಿಯೊಂದಿಗೆ ಬ್ರಿಟನಿ ಪ್ರಾಂತ್ಯದ ಈ ಕಡಲೂರಿಗೆ ಹೋಗಬೇಕೆಂದಿದ್ದೀರಿ, ಕಾರಿಲ್ಲದೆ ಆಗದು ಎಂದು ಯಾರೋ ಹೆದರಿಸಿದ್ದಾರೆ ಎಂದು ಬರೆದಿದ್ದೀರಿ. ಧಾರಾಳವಾಗಿ ಇರಬಹುದು. ನಾನು ಪಕ್ಕದ ರೆನ್ ನಗರದಲ್ಲಿದ್ದೇನೆ, ನನ್ನ ಬಳಿ ಕಾರಿಲ್ಲ. ಬೆಂಗಳೂರಿನಿಂದ ಬರುವ ನೆಂಟರನ್ನು ರೈಲಿನಲ್ಲೇ ಅಲ್ಲಿಗೆ ಕರೆದೊಯ್ಯುತ್ತೇನೆ.

ಫ್ರಾನ್ಸಿನ ಕಡಲತೀರದಲ್ಲಿ ಕಾರು ಬೇಕೇ ಬೇಡವೇ ಎನ್ನುವುದು ಊರು ಆರಿಸುವಾಗಲೇ ತೀರ್ಮಾನವಾಗಿರುತ್ತದೆ. ಹೆಸರುವಾಸಿಯಾದ ಸ್ಯಾಂ ಟ್ರೊಪೆಗೆ ರೈಲೇ ಇಲ್ಲ. ಕಾಸಿಸ್‌ಗೆ ಇದೆ, ಆದರೆ ನಿಲ್ದಾಣವಿರುವುದು ಬಂದರಿನಿಂದ ಸುಮಾರು 3 ಕಿ.ಮೀ. ದೂರದಲ್ಲಿ. ನೀವು ಆರಿಸಿದ ಊರು ಈ ವಿಷಯದಲ್ಲಿ ಪುಣ್ಯ ಮಾಡಿದೆ: ಪ್ಯಾರಿಸ್ಸಿನ ಮೊಂಪಾರ್ನಾಸ್ ನಿಲ್ದಾಣದಿಂದ ನೇರ ಟಿಜಿವಿ (ಅತಿವೇಗದ ರೈಲು) ಹತ್ತಿದರೆ ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ಸ್ಯಾಂ ಮಾಲೊ. ನೇರ ರೈಲು ಸಿಗದಿದ್ದರೆ ರೆನ್‌ನಲ್ಲಿ ಬದಲಾಯಿಸಿ. ವಿಮಾನ ಇಳಿದ ದಿನವೇ ಬರುವುದಾದರೆ ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದಲೇ ರೆನ್‌ಗೆ ಕೆಲವು ರೈಲುಗಳಿವೆ. ಪೆಟ್ಟಿಗೆಗಳನ್ನು ಹೊತ್ತು ಪ್ಯಾರಿಸ್ ಮೆಟ್ರೊದ ಮೆಟ್ಟಿಲು ಹತ್ತಿಳಿಯುವ ಶಿಕ್ಷೆ ತಪ್ಪುತ್ತದೆ.

ಕೋಣೆಯನ್ನು ಎಲ್ಲಿ ಹಿಡಿಯಬೇಕು? ಕೋಟೆಯೊಳಗೆ, ಅಂದರೆ ಗೋಡೆ ಸುತ್ತುವರಿದ ಹಳೆಯ ಊರಿನಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮತ ಬೇರೆ. ಕೋಟೆಯೊಳಗಿನ ಬೀದಿಗಳಿಗೆ ಕಲ್ಲು ಹಾಸಿದೆ, ಹಳೆಯ ಮಾದರಿಯ ಕಟ್ಟಡಗಳಲ್ಲಿ ಲಿಫ್ಟ್ ಇದ್ದೇ ಇರುತ್ತದೆಂದು ನಂಬುವಂತಿಲ್ಲ. ನಿಲ್ದಾಣಕ್ಕೂ ಸಿಯ್ಯೋಂ ಎಂಬ ಉದ್ದನೆಯ ಮರಳ ತೀರಕ್ಕೂ ನಡುವೆ ಎಲ್ಲಾದರೂ ಹಿಡಿಯಿರಿ. ಅಲ್ಲಿಂದ ಕೋಟೆಗೆ ಕಡಲ ಪಕ್ಕದ ಸಮತಟ್ಟಾದ ಹಾದಿಯಲ್ಲಿ ನಡೆದೇ ಹೋಗಬಹುದು. ಹಿರಿಯರಿಗೆ ಆ ಹಾದಿಯೇ ಸಂಜೆಯ ವಾಯುವಿಹಾರವೂ ಆಗುತ್ತದೆ.

ಬಸ್ಸಿನ ವೇಳಾಪಟ್ಟಿಗಿಂತ ಮೊದಲು ನೀವು ಕೈಗೆತ್ತಿಕೊಳ್ಳಬೇಕಾದದ್ದು ಕಡಲಿನ ವೇಳಾಪಟ್ಟಿಯನ್ನು. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನ ಅಂತರವೂ ಇರುವುದಿಲ್ಲ. ಇಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು 12 ಮೀಟರ್ ದಾಟುತ್ತದೆ. ಬೆಳಿಗ್ಗೆ ಗೋಡೆಗೆ ಬಡಿಯುತ್ತಿದ್ದ ನೀರು ಮಧ್ಯಾಹ್ನ ಎಷ್ಟೋ ದೂರ ಸರಿದು ಮೈದಾನವನ್ನೇ ತೆರೆದಿಟ್ಟಿರುತ್ತದೆ. ಆಗ ಗ್ರಾಂ ಬೇ ದ್ವೀಪಕ್ಕೆ ನಡೆದು ಹೋಗಬಹುದು; ಇದೇ ಊರಿನಲ್ಲಿ ಹುಟ್ಟಿ 1848ರಲ್ಲಿ ತೀರಿಕೊಂಡ ಲೇಖಕ ಶಾತೊಬ್ರಿಯಾಂನ ಸಮಾಧಿ ಅಲ್ಲಿ ಕಡಲಿಗೆ ಮುಖ ಮಾಡಿ ನಿಂತಿದೆ. ಆದರೆ ಹೊತ್ತು ಮರೆತು ಕುಳಿತರೆ ಹಾದಿ ಮುಳುಗುತ್ತದೆ, ಮತ್ತೆ ತೆರೆಯುವವರೆಗೆ ಗಂಟೆಗಟ್ಟಲೆ ದ್ವೀಪದಲ್ಲೇ ಕಾಯಬೇಕು. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ಬಂದ ದಿನವೇ ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಪಟ್ಟಿ ಕೇಳಿ. ಇಳಿತದ ಹೊತ್ತನ್ನು ಊರಿಗೆ ಮೀಸಲಿಟ್ಟು ಉಳಿದ ಸಮಯದಲ್ಲಿ ಹೊರಗೆ ತಿರುಗಾಡಿ. ಅಂದಹಾಗೆ, ಕೋಟೆಯೊಳಗಿನ ಮನೆಗಳನ್ನು ನೋಡಿ ಶತಮಾನಗಳ ಹಿಂದಿನವು ಎಂದುಕೊಳ್ಳಬೇಡಿ. 1944ರ ಆಗಸ್ಟಿನಲ್ಲಿ ಊರಿನ ಬಹುಪಾಲು ನಾಶವಾಯಿತು. ಯುದ್ಧದ ನಂತರ ಹಳೆಯ ಚಹರೆ ಉಳಿಯುವಂತೆ ಮತ್ತೆ ಕಟ್ಟಿದರು.

ಹೊರಗಿನ ಊರುಗಳಲ್ಲಿ ದಿನಾರ್ ಅತಿ ಸುಲಭ. ಕೋಟೆಯ ಪಕ್ಕದಿಂದ ದೋಣಿ ಹತ್ತಿದರೆ ಹತ್ತು ನಿಮಿಷ. ಮರಳುವಾಗ ಬೇಕಾದರೆ ಬಸ್ಸಿನಲ್ಲಿ ಬನ್ನಿ. ಅದು ರಾನ್ಸ್ ನದಿಯ ಅಣೆಕಟ್ಟನ್ನು ಹಾದು ಬರುತ್ತದೆ. ಇದೇ ಉಬ್ಬರವಿಳಿತದಿಂದ 240 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ 1966ರಿಂದ ಅಲ್ಲಿ ನಡೆಯುತ್ತಿದೆ. ಕಾಂಕಾಲ್‌ಗೆ ನಗರ ಸಾರಿಗೆಯ ಬಸ್ಸಿದೆ. ಸಿಂಪಿ ತಿನ್ನುವವರಿಗೆ ಅದು ಸ್ವರ್ಗ, ತಿನ್ನದವರಿಗೆ ಅಲ್ಲಿಂದ ಕಡಲಂಚಿನ ಕಾಲುದಾರಿ.

ಕಡಲ ನಡುವಿನ ಬಂಡೆಯ ಮೇಲೆ ಮಠವಿರುವ ಮೋಂ ಸ್ಯಾಂ ಮಿಶೆಲ್‌ಗಾದರೂ ಕಾರು ಬೇಕಲ್ಲ ಎನ್ನುವವರಿಗೆ ನಗುತ್ತೇನೆ. ಅಲ್ಲಿ ಕಾರಿನವರೂ ಸುಮಾರು ಎರಡೂವರೆ ಕಿ.ಮೀ. ಹಿಂದೆಯೇ ಗಾಡಿ ನಿಲ್ಲಿಸಿ, ಎಲ್ಲರಂತೆ ಉಚಿತ ಬಸ್ಸು ಹತ್ತಬೇಕು, ಇಲ್ಲವೇ ನಡೆಯಬೇಕು. ಸ್ಯಾಂ ಮಾಲೊದಿಂದ ನೇರ ಬಸ್ಸು ನಿಮ್ಮ ದಿನಕ್ಕೆ ಹೊಂದದಿದ್ದರೆ ರೆನ್‌ಗೆ ಬನ್ನಿ, ರೈಲು ನಿಲ್ದಾಣದ ಪಕ್ಕದಿಂದಲೇ ಬಸ್ಸುಗಳಿವೆ. ಮೇಲಿನ ಮಠಕ್ಕೆ 300ಕ್ಕೂ ಹೆಚ್ಚು ಮೆಟ್ಟಿಲುಗಳಿವೆ ಎಂಬುದನ್ನು ಅಪ್ಪ-ಅಮ್ಮನಿಗೆ ಮೊದಲೇ ಹೇಳಿಬಿಡಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಸಸ್ಯಾಹಾರಿಗಳಾದರೆ ಕೇಳುವವರೇ. ಬಕ್‌ವೀಟ್ ಹಿಟ್ಟಿನ ಗ್ಯಾಲೆಟ್ ಇಲ್ಲಿಯ ನಿತ್ಯದ ತಿಂಡಿ, ನೋಡಲು ರಾಗಿ ದೋಸೆಯ ಹಾಗೆ. ಚೀಸ್, ಅಣಬೆ ಹಾಕಿಸಿಕೊಳ್ಳಿ. ‘ಕಂಪ್ಲೀಟ್’ ಎಂದು ಬರೆದಿರುವುದರಲ್ಲಿ ಹಂದಿಮಾಂಸ ಇರುತ್ತದೆ. ಮಧ್ಯಾಹ್ನ ಎರಡಕ್ಕೆ ಅನೇಕ ಅಡುಗೆಮನೆಗಳು ಮುಚ್ಚುತ್ತವೆ.

ಕಾರಿಲ್ಲದೆ ನಿಜಕ್ಕೂ ಕಷ್ಟವಾಗುವುದು ಫ್ರೆಯೆಲ್ ಭೂಶಿರ ಮತ್ತು ಅದರ ಬಳಿಯ ಲಾ ಲಾತ್ ಕೋಟೆ. ಚೆಲುವಾದ ಜಾಗ, ಸುಳ್ಳು ಹೇಳುವುದಿಲ್ಲ. ಆದರೂ ಅದೊಂದಕ್ಕಾಗಿ ವಾರವಿಡೀ ಕಾರು ಇಟ್ಟುಕೊಂಡು, ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು ಕಲಿಯುತ್ತ, ಕೋಟೆಯ ಹೊರಗೆ ಪಾರ್ಕಿಂಗ್ ಹುಡುಕುತ್ತ ಅಲೆಯುವುದು ನನಗೆ ಸರಿಕಾಣದು.

ದಿನಾಂಕ ನಿಗದಿ ಮಾಡುವಾಗ ಕ್ಯಾಲೆಂಡರ್ ನೋಡಿ. ಮೇ 1ರಂದು ಫ್ರಾನ್ಸಿನ ಅನೇಕ ಊರುಗಳಲ್ಲಿ ಬಸ್ಸುಗಳೇ ಓಡುವುದಿಲ್ಲ. 8ಕ್ಕೆ ಇನ್ನೊಂದು ರಜೆ. ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ ಸಾಮಾನ್ಯವಾಗಿ ಮೇನಲ್ಲೇ ಬರುತ್ತದೆ, ಶುಕ್ರವಾರವನ್ನೂ ಸೇರಿಸಿಕೊಂಡು ಅರ್ಧ ಪ್ಯಾರಿಸ್ ಕಡಲಿಗೆ ಹೊರಡುತ್ತದೆ. ಆ ನಾಲ್ಕು ದಿನಗಳನ್ನು ತಪ್ಪಿಸಿ, ರೈಲಿನ ಟಿಕೆಟ್ ಈಗಲೇ ತೆಗೆದಿಡಿ.