30 ರೋಗಿಗಳಲ್ಲಿ ಅಡ್ಡಪರಿಣಾಮ ಸೊನ್ನೆ: ವರದಿ ಹೇಗೆ?

ನಿಮ್ಮ ಅಧ್ಯಯನದ 34 ಜನರಲ್ಲಿ 4 ಮಂದಿ ಫಾಲೋಅಪ್‌ಗೆ (ನಂತರದ ತಪಾಸಣೆಗೆ) ಬರಲಿಲ್ಲ, ಉಳಿದ 30 ರೋಗಿಗಳಲ್ಲಿ ಯಾರಿಗೂ ಔಷಧದ ಅಡ್ಡಪರಿಣಾಮ ಕಾಣಲಿಲ್ಲ, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) ಕೂಡ 0ಯಿಂದ 0 ಬರುತ್ತಿದೆ ಅಂದಿರಿ. ಕಾರಣ ಬಹುಶಃ ವಾಲ್ಡ್ ಸೂತ್ರ, ಅಂದರೆ ಪ್ರಮಾಣಕ್ಕೆ ಸ್ಟ್ಯಾಂಡರ್ಡ್ ಎರರ್‌ನ (ಅಂದಾಜಿನ ಅನಿಶ್ಚಿತತೆಯ ಅಳತೆ) ಸುಮಾರು ಎರಡು ಪಟ್ಟು ಕೂಡಿಸಿ ಕಳೆಯುವ ಸರಳ ವಿಧಾನ. ಪ್ರಮಾಣ ಸೊನ್ನೆಯಾದರೆ ಅದರಲ್ಲಿ ಸ್ಟ್ಯಾಂಡರ್ಡ್ ಎರರ್ ಕೂಡ ಸೊನ್ನೆಯಾಗಿಬಿಡುತ್ತದೆ. ಅದನ್ನು ವರದಿಗೆ ಹಾಕಲೇಬೇಡಿ.

ಒಂದೂ ಘಟನೆ ಕಾಣದಿದ್ದಾಗ ಬಳಸುವ 'ಮೂರರ ನಿಯಮ'ದಂತೆ ಮೊದಲು 3ನ್ನು 30ರಿಂದ ಭಾಗಿಸಿ: ನಿಜವಾದ ಪ್ರಮಾಣದ 95% ಮೇಲ್ಮಿತಿ ಸುಮಾರು 10%. ಅಂದರೆ ಹತ್ತರಲ್ಲಿ ಒಬ್ಬರಿಗೆ ತೊಂದರೆ ಕೊಡುವ ಔಷಧವೂ 30 ಜನರಲ್ಲಿ ಒಮ್ಮೊಮ್ಮೆ ಸೊನ್ನೆ ತೋರಿಸಬಲ್ಲದು. ಆಮೇಲೆ ಕ್ಲಾಪರ್-ಪಿಯರ್ಸನ್ ಎಂಬ ನಿಖರ (ಎಕ್ಸಾಕ್ಟ್) ವಿಧಾನದಲ್ಲಿ 95% ಇಂಟರ್ವಲ್ ತೆಗೆಯಿರಿ, 0ಯಿಂದ 11.6% ಬರಬೇಕು. ಮೊದಲಿನದು ಏಕಮುಖ (5% ತಪ್ಪಿನ ಅವಕಾಶವೆಲ್ಲ ಮೇಲ್ತುದಿಗೆ), ಇದು ದ್ವಿಮುಖ (ಎರಡೂ ತುದಿಗೆ 2.5%ರಂತೆ), ಅದಕ್ಕೇ ವ್ಯತ್ಯಾಸ. ಯಾವುದನ್ನು ಬಳಸಿದಿರೆಂದು ಬರೆಯಿರಿ, ಇಲ್ಲದಿದ್ದರೆ ವಿಮರ್ಶಕರು ಕೇಳೇ ಕೇಳುತ್ತಾರೆ.

ಫಾಲೋಅಪ್‌ಗೆ ಬಾರದ ಆ 4 ಜನ ಅಡ್ಡಪರಿಣಾಮದಿಂದಲೇ ಬಿಟ್ಟರೋ, ನಿಮ್ಮ ವಿವರದಿಂದ ತಿಳಿಯುವುದಿಲ್ಲ. ಫೋನ್ ಮಾಡಿ ವಿಚಾರಿಸಿ. ಸಿಗದಿದ್ದರೆ, ನಾಲ್ವರಿಗೂ ಅಡ್ಡಪರಿಣಾಮ ಆಯಿತೆಂದು ಊಹಿಸಿ, ಅತಿ ಕೆಟ್ಟ ಸನ್ನಿವೇಶವೆಂದು 34ರಲ್ಲಿ 4, ಅಂದರೆ 11.8%, ಅಂತ ಪ್ರತ್ಯೇಕ ಸಾಲಿನಲ್ಲಿ ಕೊಡಿ.