ಪರೀಕ್ಷಾ ಮಂಡಳಿಯ ನಿರ್ಧಾರಗಳಲ್ಲಿ ವಿದ್ಯಾರ್ಥಿಯ ಮಾತಿಗೆ ಜಾಗ ಎಲ್ಲಿದೆ?

ಪ್ರಶ್ನೆ: ನಾನು ನಮ್ಮ ಸರ್ಕಾರಿ ಪ್ರೌಢಶಾಲೆಯ ಶಾಲಾ ಸಂಸತ್ತಿನ ಮುಖ್ಯಮಂತ್ರಿ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ತಂದರು, ಪಾಸ್ ಅಂಕ ಇಳಿಸಿದರು, ನಮ್ಮನ್ನು ಯಾರೂ ಕೇಳಲಿಲ್ಲ. ಪರೀಕ್ಷಾ ಮಂಡಳಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗೆ ಸ್ಥಾನ ಇದೆಯೇ? ಇಲ್ಲವಾದರೆ ನಾವು ಹೇಳಬೇಕಾದ್ದನ್ನು ಹೇಳುವುದು ಹೇಗೆ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಸಿರಾ

ಉತ್ತರ: ಸ್ಥಾನ ಇಲ್ಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಯುವುದು 1966ರ ಕಾಯ್ದೆಯಡಿ. 2022ರಲ್ಲಿ ಪಿಯು ಪರೀಕ್ಷೆಯ ಹೊಣೆಯೂ ಸೇರಿ ಈಗಿನ ಹೆಸರು ಬಂತು. ಹೆಸರು ಬದಲಾದರೂ ಪರೀಕ್ಷೆ ಬರೆಯುವವರಿಗೆ ಅಲ್ಲಿ ಕುರ್ಚಿ ಬರಲಿಲ್ಲ. ಇದು ತಪ್ಪು ಎಂದೇ ನಾವು ನಂಬಿದ್ದೇವೆ. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ. ಭಾರತ ಅದನ್ನು 1992ರಲ್ಲೇ ಒಪ್ಪಿಕೊಂಡಿದೆ.

ಆದರೂ ಪಾಸ್ ಅಂಕದ ವಿಷಯದಲ್ಲಿ 'ಯಾರೂ ಕೇಳಲಿಲ್ಲ' ಎನ್ನುವುದು ಪೂರ್ತಿ ಸರಿಯಲ್ಲ. 2025ರ ಜುಲೈ 24ರಂದು ನಿಯಮದ ಕರಡು ಪ್ರಕಟವಾಗಿ ಆಕ್ಷೇಪಣೆ ಕೇಳಲಾಗಿತ್ತು. ಅಕ್ಟೋಬರ್‌ನಲ್ಲಿ ತೀರ್ಮಾನ ಪ್ರಕಟಿಸುವಾಗ ಶಿಕ್ಷಣ ಸಚಿವ ಮಧು ಬಂಗಾರಪ್ಪ ಕೊಟ್ಟ ಲೆಕ್ಕ ಹೀಗಿತ್ತು: ಪರವಾಗಿ 701, ವಿರುದ್ಧವಾಗಿ 8. ಎಂಟು ಲಕ್ಷದಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ರಾಜ್ಯದಿಂದ ಸಾವಿರ ಅಭಿಪ್ರಾಯವೂ ಬರಲಿಲ್ಲ. ಬಾಗಿಲು ತೆರೆದಿತ್ತು, ಶಾಲೆಗಳಿಗೆ ಗೊತ್ತಾಗಲಿಲ್ಲ ಅಷ್ಟೇ. ನಿಮ್ಮಂಥ ಪ್ರತಿನಿಧಿಗಳ ಮೊದಲ ಕೆಲಸ ಇಲ್ಲೇ ಇದೆ.

ಕರಡು ಅಧಿಸೂಚನೆಗಳು ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ ಬರುತ್ತವೆ. ಮುದ್ರಣ ಇಲಾಖೆಯ ಇ-ರಾಜ್ಯಪತ್ರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಶಾಲೆಯ ಕಂಪ್ಯೂಟರಿನಲ್ಲಿ ವಾರಕ್ಕೊಮ್ಮೆ 'ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ' ಎಂದು ಹುಡುಕಿ ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಕರಡಿನ ಮೊದಲ ಪುಟದಲ್ಲೇ ಎಷ್ಟು ದಿನದೊಳಗೆ, ಯಾವ ವಿಳಾಸಕ್ಕೆ ಆಕ್ಷೇಪಣೆ ಕಳಿಸಬೇಕು ಎಂದಿರುತ್ತದೆ. ಸಾಮಾನ್ಯವಾಗಿ 15 ಅಥವಾ 30 ದಿನ. ಹೆಚ್ಚಿನವರು ಎಡವುವುದು ಈ ಲೆಕ್ಕದಲ್ಲಿ. ದಿನ ಎಣಿಸಬೇಕಾದ್ದು ರಾಜ್ಯಪತ್ರದಲ್ಲಿ ಪ್ರಕಟವಾದ ತಾರೀಖಿನಿಂದ, ಪೇಪರಿನಲ್ಲಿ ಸುದ್ದಿ ಬಂದ ದಿನದಿಂದಲ್ಲ. ಸುದ್ದಿ ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ವಾರ ಕಳೆದಿರುತ್ತದೆ.

ವಯಸ್ಸಿನ ಬಗ್ಗೆ ಹೆದರಬೇಡಿ. ಕರಡಿನಲ್ಲಿ ಇರುವ ಮಾತು 'ಬಾಧಿತರಾಗುವ ಸಂಭವವಿರುವ ವ್ಯಕ್ತಿಗಳು' ಎಂದು. ಹದಿನೆಂಟು ತುಂಬಿರಬೇಕು ಎಂದೇನೂ ಅಲ್ಲಿಲ್ಲ. ಪರೀಕ್ಷಾ ನಿಯಮದಿಂದ ಬಾಧಿತರಾಗುವವರು ನಿಮಗಿಂತ ಬೇರೆ ಯಾರು? ಕೆಳಗೆ ಅಪ್ಪ, ಅಮ್ಮ ಅಥವಾ ಶಿಕ್ಷಕರೊಬ್ಬರ ಸಹಿಯೂ ಇದ್ದರೆ ಒಳ್ಳೆಯದು.

ಪತ್ರ ಒಂದು ಪುಟ ಮೀರದಿರಲಿ. ಮೇಲೆ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ. ಆಮೇಲೆ ಯಾವ ನಿಯಮ, ಯಾವ ಉಪನಿಯಮ. ಅಲ್ಲಿ ಈಗಿರುವ ವಾಕ್ಯವನ್ನು ಹಾಗೇ ಬರೆದು, ಅದರ ಕೆಳಗೆ ನೀವು ಬಯಸುವ ವಾಕ್ಯವನ್ನು ಬರೆಯಿರಿ. ಕಾರಣ ನಾಲ್ಕೈದು ಸಾಲು ಸಾಕು. 'ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ' ಎಂಬ ವಾಕ್ಯವನ್ನು ಓದಿದ ಅಧಿಕಾರಿ ಏನೂ ಮಾಡಲಾರ. ಬದಲಿ ವಾಕ್ಯ ಎದುರಿಗಿದ್ದರೆ ಒಪ್ಪಬೇಕು, ಇಲ್ಲವೇ ಒಪ್ಪದಿರಬೇಕು.

ಪಾಸ್ ಅಂಕವನ್ನೇ ಉದಾಹರಣೆಯಾಗಿ ನೋಡಿ. ಹೊಸ ಪದ್ಧತಿಯಲ್ಲಿ ಒಟ್ಟು 625ಕ್ಕೆ 206 ಬೇಕು, ಅಂದರೆ ಶೇ 33. ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಬೇಕು. ಎಲ್ಲ ವಿಷಯದಲ್ಲೂ ಶೇ 30ರ ಗಡಿಯಲ್ಲೇ ನಿಂತ ಹುಡುಗನ ಮೊತ್ತ ಸುಮಾರು 188. ಯಾವ ವಿಷಯದಲ್ಲೂ ಫೇಲಾಗದಿದ್ದರೂ ಅವನು ಪಾಸಲ್ಲ, ಇನ್ನೂ 18 ಅಂಕ ಬೇಕು. 'ಮೂವತ್ತು ಬಂದರೆ ಪಾಸು' ಎಂದು ತರಗತಿಯಲ್ಲಿ ಹಬ್ಬಿರುವ ಮಾತು ಎಷ್ಟು ಅಪಾಯಕಾರಿ ಎಂದು ಇದರಲ್ಲೇ ಕಾಣುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಆಂತರಿಕ ಅಂಕದ ಪ್ರಶ್ನೆ. ಆಂತರಿಕ 20, ಲಿಖಿತ 80 ಸೇರಿಸಿಯೇ 30 ಎಣಿಸುವುದಾದರೆ, ಇಪ್ಪತ್ತಕ್ಕೆ ಇಪ್ಪತ್ತು ಕೊಡುವ ಶಾಲೆಯ ಮಗುವಿಗೆ ಲಿಖಿತದಲ್ಲಿ 10 ಸಾಕಾಗುತ್ತದೆ. ಕೈ ಬಿಗಿಹಿಡಿದು 12 ಕೊಡುವ ಶಾಲೆಯ ಮಗು 18 ತೆಗೆಯಬೇಕು. 'ಲಿಖಿತಕ್ಕೆ ಪ್ರತ್ಯೇಕ ಕನಿಷ್ಠ ಎಷ್ಟು, ನಿಯಮದಲ್ಲೇ ನಮೂದಿಸಿ' ಎಂದು ಕೇಳುವುದು ಆಕ್ಷೇಪಣೆ. ಆಂತರಿಕ ಅಂಕ ಶಾಲೆಯಿಂದ ಶಾಲೆಗೆ ಹೇಗೆ ಬೀಳುತ್ತದೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ವಿದ್ಯಾರ್ಥಿಯ ಮಾತು ಬೇಕು ಎಂದು ನಾವು ಹೇಳುವುದು ಈ ಕಾರಣಕ್ಕೆ.

ಒಂದೇ ಪತ್ರಕ್ಕೆ ಮುನ್ನೂರು ಸಹಿ ಹಾಕಿಸಿದರೆ ಎಣಿಕೆಯಲ್ಲಿ ಅದು ಒಂದೇ ಆಗುವ ಸಂಭವ ಹೆಚ್ಚು. ಮೂವತ್ತು ಮಂದಿ ತಮ್ಮ ತಮ್ಮ ಮಾತಿನಲ್ಲಿ ಮೂವತ್ತು ಪತ್ರ ಬರೆಯಲಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇಮೇಲ್ ವಿಳಾಸ ಕೊಟ್ಟಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗಲಿ.

ಪ್ರಶ್ನೆ: 5, 8, 9ನೇ ತರಗತಿಯ ಮೌಲ್ಯಾಂಕನ 2024ರಲ್ಲಿ ಅರ್ಧಕ್ಕೆ ನಿಂತು, ಮತ್ತೆ ನಡೆದು, ಫಲಿತಾಂಶ ತಡೆಯಾಯಿತು. ಆ ಗೊಂದಲದ ಮೂಲ ಏನು?
– ಪೋಷಕರು, ಬಳ್ಳಾರಿ

ಉತ್ತರ: ಮಕ್ಕಳಿಗೆ ಪರೀಕ್ಷೆ ಬೇಕೋ ಬೇಡವೋ ಎಂಬುದಕ್ಕಿಂತ, ಅದನ್ನು ಜಾರಿಗೆ ತಂದ ದಾರಿ ಸರಿಯೇ ಎಂಬುದು ಅಲ್ಲಿ ಮುಖ್ಯ ಜಗಳವಾಗಿತ್ತು. ಸರ್ಕಾರ 2023ರ ಅಕ್ಟೋಬರ್ 6 ಮತ್ತು 9ರಂದು ಅಧಿಸೂಚನೆ ಹೊರಡಿಸಿತು. ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅಧಿಸೂಚನೆ ರದ್ದುಮಾಡಿತು, ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಯನ್ನೇ ತೆಗೆದುಹಾಕಿತು. 22ಕ್ಕೆ ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟ ಮೇಲೆ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು. ಹತ್ತು ವರ್ಷದ ಮಗು ಎರಡು ಪತ್ರಿಕೆ ಬರೆದು, ಉಳಿದದ್ದು ಇದೆಯೋ ಇಲ್ಲವೋ ತಿಳಿಯದೆ ಪುಸ್ತಕ ಹಿಡಿದು ಕೂತದ್ದು ಹೀಗೆ.

ಕಾನೂನು ಏನನ್ನುತ್ತದೆ ಎಂದರೆ, ಕರ್ನಾಟಕ ಶಿಕ್ಷಣ ಕಾಯ್ದೆ 1983ರ 145ನೇ ಸೆಕ್ಷನ್ ಪ್ರಕಾರ ನಿಯಮ ಮಾಡುವ ಮುನ್ನ ಕರಡು ಪ್ರಕಟಿಸಬೇಕು. ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 38ನೇ ಸೆಕ್ಷನ್‌ನಡಿ ರಾಜ್ಯ ಮಾಡುವ ನಿಯಮವನ್ನು ಶಾಸನಸಭೆಯ ಮುಂದಿಡಬೇಕು. ಪ್ರಾಥಮಿಕ ಶಿಕ್ಷಣ (8ನೇ ತರಗತಿವರೆಗೆ) ಮುಗಿಯುವ ತನಕ ಬೋರ್ಡ್ ಪರೀಕ್ಷೆ ಕೂಡದು ಎನ್ನುತ್ತದೆ ಅದೇ ಕಾಯ್ದೆಯ 30ನೇ ಸೆಕ್ಷನ್. 5 ಮತ್ತು 8ನೇ ತರಗತಿಗೆ ನಿಯತ ಪರೀಕ್ಷೆ ಇಡಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಈ ಎರಡರ ನಡುವಿನ ಗಡಿ ತೆಳುವಾಗಿದೆ, ಹಾಗಾಗಿಯೇ ದಾರಿ ತಪ್ಪದೆ ನಡೆಯಬೇಕಿತ್ತು. ಕರಡು, ಆಕ್ಷೇಪಣೆ, ಉತ್ತರ ಎಂಬ ಹಂತಗಳನ್ನು ಬಿಟ್ಟು ಸುತ್ತೋಲೆಯ ಮೇಲೆ ಸುತ್ತೋಲೆ ಹೊರಡಿಸಿದರೆ ಪೆಟ್ಟು ಬೀಳುವುದು ಮಕ್ಕಳಿಗೆ. ಶಾಲೆಯಲ್ಲಿ ಹೊಸ ಆದೇಶ ಓದಿ ಹೇಳಿದಾಗ ವಿದ್ಯಾರ್ಥಿ ಪ್ರತಿನಿಧಿ ಕೇಳಬೇಕಾದ್ದು ಒಂದೇ ಮಾತು: ಇದು ಸುತ್ತೋಲೆಯೋ, ಕರಡೋ, ಅಂತಿಮ ನಿಯಮವೋ?

ಪ್ರಶ್ನೆ: ವೇಳಾಪಟ್ಟಿ, ಕೀ ಉತ್ತರಗಳ ಬಗ್ಗೆ ಆಕ್ಷೇಪಣೆ ಕಳಿಸಿದರೆ ನಿಜವಾಗಿ ನೋಡುತ್ತಾರೆಯೇ?
– ದ್ವಿತೀಯ ಪಿಯು ವಿದ್ಯಾರ್ಥಿ, ಪುತ್ತೂರು

ಉತ್ತರ: ಮಂಡಳಿ ಮೊದಲು ತಾತ್ಕಾಲಿಕ ವೇಳಾಪಟ್ಟಿ ಬಿಡುವುದೇ ಆಕ್ಷೇಪಣೆ ಬರಲಿ ಎಂದು. 'ಗಣಿತಕ್ಕೆ ರಜೆ ಸಾಲದು' ಎಂದು ಬರೆದರೆ ಪ್ರಯೋಜನ ಕಡಿಮೆ. 'ಇಂಥ ದಿನ ಇಂಥ ಪ್ರವೇಶ ಪರೀಕ್ಷೆ ಇದೆ' ಅಥವಾ 'ನಮ್ಮೂರಿನ ಮೊದಲ ಬಸ್ಸು ಕೇಂದ್ರ ತಲಪುವುದು 10.20ಕ್ಕೆ, ಪರೀಕ್ಷೆ 10ಕ್ಕೆ' ಎಂದು ಬರೆದರೆ ಅದಕ್ಕೆ ಉತ್ತರ ಹುಡುಕಲೇಬೇಕಾಗುತ್ತದೆ. ಬಸ್ಸಿನ ವಿಷಯವಾದರೆ ಅದೇ ಪತ್ರದ ಪ್ರತಿಯನ್ನು ಡಿಪೊ ಮ್ಯಾನೇಜರಿಗೂ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ಕೊಡಿ.

ಕೀ ಉತ್ತರಕ್ಕೆ ಸಿಗುವುದು ಬೆರಳೆಣಿಕೆಯ ದಿನಗಳು. ಪರೀಕ್ಷೆ ಮುಗಿದ ಸಂಜೆಯೇ ಪ್ರಶ್ನೆಪತ್ರಿಕೆಯ ಮೇಲಿನ ಸಂಕೇತ ಬರೆದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಲ್ಲಿ ಗಣಿತಕ್ಕೆ 81-ಕೆ, ವಿಜ್ಞಾನಕ್ಕೆ 83-ಕೆ, ಸಮಾಜ ವಿಜ್ಞಾನಕ್ಕೆ 85-ಕೆ. ಪ್ರಶ್ನೆ ಸಂಖ್ಯೆ, ಕೀಯಲ್ಲಿರುವ ಉತ್ತರ, ನೀವು ಸರಿ ಎನ್ನುವ ಉತ್ತರ, ಪಠ್ಯಪುಸ್ತಕದ ಪುಟ, ಈ ನಾಲ್ಕೂ ಇರಲಿ. ಗೈಡ್‌ನ ಪುಟ ತೋರಿಸಿದರೆ ನಿಲ್ಲುವುದಿಲ್ಲ. ಅಣ್ಣನ ಹಳೇ ಪುಸ್ತಕದಿಂದ ಪುಟ ಸಂಖ್ಯೆ ಕೊಟ್ಟು ಸೋತವರೂ ಇದ್ದಾರೆ. ಪರಿಷ್ಕೃತ ಮುದ್ರಣದಲ್ಲಿ ಪುಟ ಬದಲಾಗಿರುತ್ತದೆ. ನಿಮ್ಮ ಸ್ವಂತ ಅಂಕದ ದೂರು ಬೇರೆ. ಅದಕ್ಕೆ ಫಲಿತಾಂಶದ ನಂತರ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಬೇಕು, ಆಮೇಲಷ್ಟೇ ಮರುಮೌಲ್ಯಮಾಪನಕ್ಕೆ ಅರ್ಜಿ.

ಪ್ರಶ್ನೆ: ನಮ್ಮಲ್ಲಿ ಬ್ಯಾಗಿನ ಭಾರ, ಶೌಚಾಲಯ ಎರಡೂ ಸಮಸ್ಯೆ. ಮಂಡಳಿಗೆ ಬರೆಯಬೇಕೇ?
– ಏಳನೇ ತರಗತಿ ಮಕ್ಕಳು, ಹಾನಗಲ್

ಉತ್ತರ: ಬೇಡ, ಅದು ಮಂಡಳಿಯ ಕೆಲಸವಲ್ಲ. ಶೌಚಾಲಯ, ನೀರು, ಕಾಂಪೌಂಡ್ ಇವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿ. ಸಾಮಾನ್ಯವಾಗಿ ನವೆಂಬರಿನಿಂದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲೂ ಹೇಳಿ. ನೀವು ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಸಭೆ ಮುಗಿಯುವ ಮುನ್ನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಓದಿಸಿಕೊಳ್ಳಿ. ಹಿಂದಿನ ವರ್ಷದ ನಡಾವಳಿಯನ್ನೂ ಕೇಳಿ.

ಬ್ಯಾಗಿಗೆ 2019ರ ರಾಜ್ಯ ಸರ್ಕಾರದ ಆದೇಶ ಇದೆ. 1–2ನೇ ತರಗತಿಗೆ ಒಂದೂವರೆಯಿಂದ 2 ಕೆಜಿ, 3–5ಕ್ಕೆ 2ರಿಂದ 3, 6–8ಕ್ಕೆ 3ರಿಂದ 4, 9–10ಕ್ಕೆ 4ರಿಂದ 5 ಕೆಜಿ. ತಕ್ಕಡಿ ತಂದು ತೂಗಿ. ಪ್ರತಿ ತರಗತಿಯಿಂದ ಹತ್ತು ಬ್ಯಾಗು, ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ. ಬರೀ ಮೊತ್ತ ಬರೆದರೆ ಕಾರಣ ಗೊತ್ತಾಗುವುದಿಲ್ಲ. ಪಠ್ಯಪುಸ್ತಕ, ನೋಟ್‌ಬುಕ್, ಊಟದ ಡಬ್ಬಿ, ನೀರಿನ ಬಾಟಲಿ, ಖಾಲಿ ಬ್ಯಾಗು ಎಂದು ಬೇರೆ ಬೇರೆ ಕಾಲಂ ಮಾಡಿ. ತುಂಬಿದ ಒಂದು ಲೀಟರ್ ಬಾಟಲಿಯ ನೀರೇ ಒಂದು ಕೆಜಿ. ಶಾಲೆಯಲ್ಲಿ ಶುದ್ಧ ನೀರು ಸಿಕ್ಕರೆ ಅಷ್ಟು ಭಾರ ಆ ದಿನವೇ ಇಳಿಯುತ್ತದೆ. ಆ ಪಟ್ಟಿ ಹಿಡಿದು ಹೋದರೆ ಮುಖ್ಯಶಿಕ್ಷಕರೇ ವೇಳಾಪಟ್ಟಿ ತಿದ್ದಿಕೊಡಬಲ್ಲರು, ಮೇಲಿನವರೆಗೆ ಹೋಗಬೇಕಿಲ್ಲ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳು 11ನೇ ಗ್ರೇಡ್. ರಾಜ್ಯ ಶಿಕ್ಷಣ ಮಂಡಳಿಯಲ್ಲಿ ವಿದ್ಯಾರ್ಥಿ ಸದಸ್ಯೆ ಆಗಬಹುದು ಎನ್ನುತ್ತಾಳೆ. ನಿಜವೇ?
– ತಾಯಿ, ಫ್ರೀಮಾಂಟ್

ಉತ್ತರ: ನಿಜ. ಅಲ್ಲಿನ ರಾಜ್ಯ ಮಂಡಳಿಯ 11 ಸದಸ್ಯರಲ್ಲಿ ಒಬ್ಬರು ಪಬ್ಲಿಕ್ ಹೈಸ್ಕೂಲಿನ ವಿದ್ಯಾರ್ಥಿ. ಅವಧಿ ಒಂದು ವರ್ಷ, ಮತ ಉಳಿದವರಷ್ಟೇ ಪೂರ್ಣ. ಸದಸ್ಯರಾಗಿರುವ ವರ್ಷ 12ನೇ ಗ್ರೇಡಿನಲ್ಲಿರಬೇಕು. ಆದ್ದರಿಂದ ಅರ್ಜಿ ಹಾಕಬೇಕಾದ್ದು 11ರಲ್ಲೇ, ಮುಂದಿನ ವರ್ಷ ನೋಡೋಣ ಎಂದರೆ ಅವಕಾಶ ಹೋಯಿತು. ಅರ್ಜಿಗಳಿಂದ 12 ಮಂದಿಯನ್ನು ಆರಿಸುತ್ತಾರೆ. ಸ್ಯಾಕ್ರಮೆಂಟೊದಲ್ಲಿ ಸೇರುವ ವಿದ್ಯಾರ್ಥಿ ಸಲಹಾ ಮಂಡಳಿಯಲ್ಲಿ ವಿದ್ಯಾರ್ಥಿಗಳೇ ಅದನ್ನು 6ಕ್ಕೆ ಇಳಿಸುತ್ತಾರೆ. ರಾಜ್ಯ ಮಂಡಳಿ ಮೂವರ ಹೆಸರು ಕಳಿಸುತ್ತದೆ, ಗವರ್ನರ್ ಒಬ್ಬರನ್ನು ನೇಮಿಸುತ್ತಾರೆ.

ಅದು ಸಿಗದಿದ್ದರೆ ಸ್ಥಳೀಯ ಶಾಲಾ ಮಂಡಳಿ ಇದೆ. ಅಲ್ಲಿ ವಿದ್ಯಾರ್ಥಿ ಸದಸ್ಯರ ಸ್ಥಾನ ಇಲ್ಲದಿದ್ದರೆ 500 ಹೈಸ್ಕೂಲ್ ವಿದ್ಯಾರ್ಥಿಗಳ ಅಥವಾ ಒಟ್ಟು ಹೈಸ್ಕೂಲ್ ವಿದ್ಯಾರ್ಥಿಗಳಲ್ಲಿ ಶೇ 10ರಷ್ಟು ಮಂದಿಯ ಸಹಿಯಿರುವ ಮನವಿಯಿಂದ ಅದನ್ನು ಕೇಳಬಹುದು. ಈ ಸದಸ್ಯರಿಗೆ ಗುಪ್ತ ಅಧಿವೇಶನಕ್ಕೆ ಪ್ರವೇಶವಿಲ್ಲ, ಅವರ ಮತ ಎಣಿಕೆಗೂ ಬರುವುದಿಲ್ಲ. ಆದರೆ ಉಳಿದವರು ಮತ ಹಾಕುವ ಮುನ್ನ ವಿದ್ಯಾರ್ಥಿಯ ಒಲವು ಕಡತದಲ್ಲಿ ದಾಖಲಾಗುತ್ತದೆ. ಸಣ್ಣದೆನ್ನಿಸಿದರೂ ಇದು ದೊಡ್ಡ ಮಾತು. ವಿದ್ಯಾರ್ಥಿ ಬೇಡವೆಂದದ್ದನ್ನು ಬೇಕೆಂದವರು ಯಾರು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ನಮ್ಮ ಪರೀಕ್ಷಾ ಮಂಡಳಿಯಲ್ಲಿ ಕನಿಷ್ಠ ಇಷ್ಟಾದರೂ ಬೇಕು: ಎಣಿಕೆಗೆ ಬಾರದಿದ್ದರೂ ಬರಹದಲ್ಲಿ ಉಳಿಯುವ ಒಂದು ಮತ.

ಪ್ರಶ್ನೆ: ಆಕ್ಷೇಪಣೆ ಕಳಿಸಿದೆವು, ಉತ್ತರ ಬರಲಿಲ್ಲ. ಮುಂದೇನು?
– ಶಿಕ್ಷಕರು, ಯಾದಗಿರಿ

ಉತ್ತರ: ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. 'ನಮ್ಮ ಆಕ್ಷೇಪಣೆ ಏಕೆ ಒಪ್ಪಲಿಲ್ಲ?' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ದಾಖಲೆ ಕೇಳಿ: ಅಧಿಸೂಚನೆ ಸಂಖ್ಯೆ ಇಂಥದ್ದಕ್ಕೆ ಬಂದ ಆಕ್ಷೇಪಣೆಗಳ ಪಟ್ಟಿ, ಅವುಗಳನ್ನು ಪರಿಶೀಲಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. 30 ದಿನದಲ್ಲಿ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಮೊದಲು ಕಳಿಸಿದ ಆಕ್ಷೇಪಣೆಯ ಅಂಚೆ ರಸೀದಿಯ ಜೆರಾಕ್ಸ್ ಅರ್ಜಿಗೆ ಲಗತ್ತಿಸಿ. ಅದಿಲ್ಲದಿದ್ದರೆ 'ತಮ್ಮ ಪತ್ರ ಸ್ವೀಕೃತವಾಗಿಲ್ಲ' ಎಂಬ ಒಂದು ಸಾಲಿನ ಉತ್ತರ ಬಂದುಬಿಡುತ್ತದೆ.